ದಿನ ಚರ್ಚಿನದು, ಆಚರಣೆ ಮನೆಯದು: ಕ್ರೈಸ್ತ ಹಬ್ಬಗಳೂ ಹಳೆಯ ಹಬ್ಬಗಳೂ

ಡಿಸೆಂಬರ್ ಬಂತೆಂದರೆ ವಾಟ್ಸಾಪಿನಲ್ಲಿ ಒಂದು ಮಾತು ಸುತ್ತಾಡಲು ಶುರುವಾಗುತ್ತದೆ. ಕ್ರಿಸ್ಮಸ್ ಅಸಲಿಗೆ ರೋಮನ್ನರ ಸೂರ್ಯನ ಹಬ್ಬ, ಚರ್ಚು ಅದನ್ನು ಕಿತ್ತುಕೊಂಡು ಹೆಸರು ಬದಲಿಸಿತು ಎಂಬ ಮಾತು. ಅದಕ್ಕೆ ಉತ್ತರವಾಗಿ ಇನ್ನೊಂದು ಬರುತ್ತದೆ: ಹಾಗೇನೂ ಇಲ್ಲ, ಹಬ್ಬದಲ್ಲಿರುವುದೆಲ್ಲ ಬೈಬಲಿನದೇ ಎಂದು. ಎರಡು ಪಕ್ಷದವರೂ ಹಬ್ಬವನ್ನು ಇಡಿಯಾಗಿ ಒಂದೇ ಕಡೆಯಿಂದ ಹೊತ್ತು ತಂದ ಸರಕು ಎಂದುಕೊಳ್ಳುತ್ತಾರೆ. ಆದರೆ ಹಬ್ಬದ ದಿನಾಂಕ ಬೇರೆ, ಆ ದಿನಕ್ಕೆ ಹೇಳುವ ಕಾರಣ ಬೇರೆ, ಆ ದಿನ ಜನ ಮಾಡುವ ಕೆಲಸ ಬೇರೆ. ಇವುಗಳ ಹುಟ್ಟನ್ನು ಬೇರೆ ಬೇರೆಯಾಗಿಯೇ ಹುಡುಕಬೇಕು. ಹಾಗೆ ಹುಡುಕಿದಾಗ ಸಿಗುವುದು ಇಷ್ಟು: ದಿನಾಂಕ ಬಹುಮಟ್ಟಿಗೆ ಚರ್ಚಿನ ಸ್ವಂತ ಲೆಕ್ಕದ್ದು. ಊಟ, ಬೆಂಕಿ, ಮೆರವಣಿಗೆ, ತೆನೆ ಇವು ಜನರ ಮನೆ ಮತ್ತು ಹೊಲದವು. ಇದಕ್ಕೆ ಹೊರತಾದವೂ ಇವೆ, ಅವುಗಳನ್ನೂ ತೋರಿಸುತ್ತೇನೆ.

ಡಿಸೆಂಬರ್ 25ರಿಂದಲೇ ಶುರುಮಾಡೋಣ. ಕ್ರಿ.ಶ. 354ರಲ್ಲಿ ಫಿಲೊಕಾಲಸ್ ಎಂಬ ರೋಮಿನ ಲಿಪಿಕಾರ, ವ್ಯಾಲೆಂಟಿನಸ್ ಎಂಬ ಸಿರಿವಂತ ಕ್ರೈಸ್ತನಿಗಾಗಿ ಒಂದು ಸಚಿತ್ರ ಪಂಚಾಂಗ ಬರೆದುಕೊಟ್ಟ. ಮೂಲಪ್ರತಿ ಉಳಿದಿಲ್ಲ, ನಕಲಿನ ನಕಲುಗಳು ಉಳಿದಿವೆ. ಅದೊಂದೇ ಕಟ್ಟಿನಲ್ಲಿ ನಗರದ ಸರ್ಕಾರಿ ಹಬ್ಬಗಳ ಪಟ್ಟಿ, ಕ್ರೈಸ್ತ ಹುತಾತ್ಮರ ಪಟ್ಟಿ, ರೋಮಿನ ಬಿಷಪರು ತೀರಿಕೊಂಡ ದಿನಗಳ ಪಟ್ಟಿ ಮೂರೂ ಇವೆ. ಸರ್ಕಾರಿ ಪಟ್ಟಿಯಲ್ಲಿ ಡಿಸೆಂಬರ್ 25ರ ಎದುರಿಗೆ ಲ್ಯಾಟಿನ್‌ನಲ್ಲಿ 'ಎನ್. ಇನ್ವಿಕ್ಟಿ, ಸಿಎಂ 30' ಎಂದಿದೆ. ಅಂದರೆ ಅಜೇಯನ (ಇದು ಸೂರ್ಯದೇವನ ಬಿರುದು) ಜನ್ಮದಿನ, ರಥದ ಓಟ 30. ಹುತಾತ್ಮರ ಪಟ್ಟಿ ಶುರುವಾಗುವುದೇ ಡಿಸೆಂಬರ್ 25ರಿಂದ: ಅಂದು ಯೂದಾಯದ ಬೆತ್ಲೆಹೇಮಿನಲ್ಲಿ ಕ್ರಿಸ್ತನ ಜನನ ಎಂದು ಅಲ್ಲಿ ಬರೆದಿದೆ. ಅದೇ ದಿನ, ಎರಡು ಹಬ್ಬ, ಒಂದೇ ಪುಸ್ತಕದಲ್ಲಿ.

ಇವುಗಳಲ್ಲಿ ಯಾವುದು ಮೊದಲು? ಬಿಷಪರ ಪಟ್ಟಿಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಡಿಸೆಂಬರ್ ಕೊನೆಯ ವಾರದಿಂದ ತೊಡಗಿ ವರ್ಷವಿಡೀ ತಿಥಿಯ ಕ್ರಮದಲ್ಲೇ ಹೆಸರುಗಳು ಸಾಗಿ, ಮುಂದಿನ ಡಿಸೆಂಬರ್‌ವರೆಗೆ ಬರುತ್ತವೆ. 335ರ ಡಿಸೆಂಬರ್ 31ರಂದು ತೀರಿಕೊಂಡ ಸಿಲ್ವೆಸ್ಟರ್ ತನ್ನ ಸರಿಯಾದ ಜಾಗದಲ್ಲೇ ಇದ್ದಾನೆ. 336ರ ಅಕ್ಟೋಬರ್‌ನಲ್ಲಿ ತೀರಿಕೊಂಡ ಮಾರ್ಕಸ್, 352ರ ಏಪ್ರಿಲ್‌ನಲ್ಲಿ ತೀರಿಕೊಂಡ ಜೂಲಿಯಸ್ ಮಾತ್ರ ಕ್ರಮ ತಪ್ಪಿ ಕಟ್ಟಕಡೆಯಲ್ಲಿ ಕೂತಿದ್ದಾರೆ. ಅಂದರೆ ಪಟ್ಟಿ ಮೊದಲೇ ಸಿದ್ಧವಾಗಿತ್ತು, ಇವರಿಬ್ಬರನ್ನು ಆಮೇಲೆ ಸೇರಿಸಿದರು. ಹೀಗಾಗಿ ಪಟ್ಟಿಯ ಮೂಲ ರೂಪ 336ರದು, ಆಗಲೇ ರೋಮಿನ ಚರ್ಚು ತನ್ನ ವರ್ಷವನ್ನು ಡಿಸೆಂಬರ್ 25ರಿಂದ ಎಣಿಸುತ್ತಿತ್ತು. ಕ್ರಿಸ್ಮಸ್ಸಿಗೆ 336 ಎಂಬ ವರ್ಷ ಸಿಕ್ಕಿದ್ದು ಯಾವುದೋ ಅರಸನ ಆಜ್ಞೆಯಿಂದಲ್ಲ, ಪಟ್ಟಿಯೊಂದರಲ್ಲಿ ಎರಡು ಹೆಸರು ಜಾಗ ತಪ್ಪಿದ್ದರಿಂದ.

ಇನ್ನು ಸೂರ್ಯನ ಕಡೆ. ಚಕ್ರವರ್ತಿ ಔರೇಲಿಯನ್ 274ರಲ್ಲಿ ರೋಮಿನಲ್ಲಿ ಸೂರ್ಯನಿಗೆ ದೊಡ್ಡ ದೇವಾಲಯ ಕಟ್ಟಿಸಿದ್ದು ನಿಜ. ಆದರೆ ಅದರ ಪ್ರತಿಷ್ಠೆ ಡಿಸೆಂಬರ್ 25ರಂದೇ ಆಯಿತೆಂದು ಆ ಕಾಲದ ಯಾರೂ ಬರೆದಿಲ್ಲ. ಅದು ಈ 354ರ ಸಾಲನ್ನು ನೋಡಿ ಹಿಂದಕ್ಕೆ ಊಹಿಸಿದ ಮಾತು. ಅದೇ ಪಂಚಾಂಗದಲ್ಲಿ ಅಕ್ಟೋಬರ್ 22ಕ್ಕೆ ಸೂರ್ಯನ ಹೆಸರನ್ನೇ ಹೇಳಿ 36 ಓಟ ನಿಗದಿಯಾಗಿದೆ. ಮಾಮೂಲಿ ಹಬ್ಬಕ್ಕೆ 24 ಓಟ. ಸೂರ್ಯನ ದೊಡ್ಡ ಹಬ್ಬ ಅಕ್ಟೋಬರ್‌ನಲ್ಲಿತ್ತು, ಡಿಸೆಂಬರ್‌ನದು ಅದಕ್ಕಿಂತ ಚಿಕ್ಕದು. ಆದ್ದರಿಂದ 'ಪುರಾತನ ಸೂರ್ಯೋತ್ಸವವನ್ನು ಚರ್ಚು ನುಂಗಿತು' ಎಂಬಷ್ಟು ಗಟ್ಟಿಯಾಗಿ ಹೇಳಲು ಈ ಸಾಕ್ಷ್ಯ ಸಾಲದು. ಸ್ಯಾಟರ್ನೇಲಿಯಾ ಹಬ್ಬವನ್ನೂ ಇದರೊಳಗೆ ಎಳೆದು ತರುತ್ತಾರೆ. ಅದು ಡಿಸೆಂಬರ್ 17ಕ್ಕೆ ಶುರುವಾಗಿ, ಅತಿ ಹೆಚ್ಚೆಂದರೆ 23ರವರೆಗೆ ನಡೆಯುತ್ತಿತ್ತು. ಮೇಣದ ಬತ್ತಿ, ಮಣ್ಣಿನ ಗೊಂಬೆಗಳ ಉಡುಗೊರೆ, ಯಜಮಾನ ಆಳು ಎನ್ನದೆ ಒಟ್ಟಿಗೆ ಊಟ ಇವೆಲ್ಲ ಅದರಲ್ಲಿದ್ದವು, ದಿನಾಂಕ ಮಾತ್ರ 25 ಆಗಿರಲಿಲ್ಲ.

ಹಾಗಾದರೆ 25 ಎಲ್ಲಿಂದ ಬಂತು? ಫ್ರಾನ್ಸಿನ ವಿದ್ವಾಂಸ ಲೂಯಿ ದುಶೆನ್ 1889ರಲ್ಲಿ ಒಂದು ವಿವರಣೆ ಮುಂದಿಟ್ಟ. ಕ್ರಿ.ಶ. 200ರ ಸುಮಾರಿಗೇ ಉತ್ತರ ಆಫ್ರಿಕಾದ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಯೇಸು ಶಿಲುಬೆಗೇರಿದ ದಿನ ಮಾರ್ಚ್ 25 ಎಂದು ಲೆಕ್ಕ ಕೊಟ್ಟಿದ್ದ. ಮಹಾಪುರುಷರು ಗರ್ಭದಲ್ಲಿ ಮೂಡಿದ ದಿನವೂ ತೀರಿಕೊಂಡ ದಿನವೂ ಒಂದೇ ಎಂಬ ನಂಬಿಕೆ ಸೇರಿದರೆ ಗರ್ಭಧಾರಣೆ ಮಾರ್ಚ್ 25, ಅಲ್ಲಿಂದ ಒಂಬತ್ತು ತಿಂಗಳಿಗೆ ಡಿಸೆಂಬರ್ 25. ಇದಕ್ಕೊಂದು ತಾಳೆ ಸಿಗುತ್ತದೆ. ಏಷ್ಯಾ ಮೈನರ್‌ನ ಒಂದು ಪಂಗಡ ಮಾರ್ಚ್ 25ರ ಬದಲು ಏಪ್ರಿಲ್ 6ನ್ನು ಹಿಡಿದಿತ್ತು, ಅಲ್ಲಿಂದ ಒಂಬತ್ತು ತಿಂಗಳಿಗೆ ಜನವರಿ 6. ಪೂರ್ವದ ಚರ್ಚುಗಳು ಮೊದಮೊದಲು ಜನನೋತ್ಸವ ಮಾಡುತ್ತಿದ್ದುದು ಜನವರಿ 6ರಂದೇ, ಆರ್ಮೇನಿಯದ ಚರ್ಚು ಇವತ್ತಿಗೂ ಅಂದೇ ಮಾಡುತ್ತದೆ. ಈ ಲೆಕ್ಕದ ದುರ್ಬಲ ಕೊಂಡಿಯನ್ನೂ ಹೇಳಬೇಕು. ಗರ್ಭಧಾರಣೆ ಮತ್ತು ಮರಣ ಒಂದೇ ದಿನ ಎಂದು ಬಿಡಿಸಿ ಬರೆದವನು 5ನೇ ಶತಮಾನದ ಮೊದಲ ಭಾಗದ ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನ್. ಅಷ್ಟು ಹೊತ್ತಿಗೆ ಹಬ್ಬ ಬೇರೂರಿಯಾಗಿತ್ತು. ಹಾಗಿದ್ದರೂ ಎರಡು ದಿನಾಂಕಗಳನ್ನೂ ಒಂದೇ ಸೂತ್ರದಲ್ಲಿ ವಿವರಿಸುವುದು ಲೆಕ್ಕದ ವಾದವೇ. ಸೂರ್ಯನ ಹಬ್ಬದ ವಾದಕ್ಕೆ ಜನವರಿ 6ರ ಬಗ್ಗೆ ಹೇಳಲು ಏನೂ ಇಲ್ಲ. ನನ್ನ ಒಲವು ಲೆಕ್ಕದ ಕಡೆಗೆ.

ಅಂದಮಾತ್ರಕ್ಕೆ ಸೂರ್ಯನಿಗೆ ಇಲ್ಲಿ ಪಾತ್ರವೇ ಇಲ್ಲ ಎನ್ನಬೇಡಿ. ರೋಮನ್ ಪಂಚಾಂಗದಲ್ಲಿ ಡಿಸೆಂಬರ್ 25 ಚಳಿಗಾಲದ ಅಯನದ ದಿನ, ಮಾರ್ಚ್ 25 ವಿಷುವದ ದಿನ ಎಂಬುದು ರೂಢಿ. ಆಕಾಶದಲ್ಲಿ ಹಾಗಿರಲಿಲ್ಲ. ಆ ಪಂಚಾಂಗದ ಜೂಲಿಯನ್ ವರ್ಷ ನಿಜವಾದ ವರ್ಷಕ್ಕಿಂತ 11 ನಿಮಿಷ ಉದ್ದ, ಸುಮಾರು 128 ವರ್ಷಕ್ಕೆ ಒಂದು ದಿನ ಜಾರುತ್ತದೆ. 4ನೇ ಶತಮಾನಕ್ಕೆ ಅಯನ ಡಿಸೆಂಬರ್ 21ರ ಆಸುಪಾಸಿಗೆ ಬಂದಿತ್ತು, ರೂಢಿಯ ದಿನ ಮಾತ್ರ 25ರಲ್ಲೇ ನಿಂತಿತ್ತು. ನಮಗೆ ಇದು ಅಪರಿಚಿತವೇನಲ್ಲ. ಉತ್ತರಾಯಣ ಶುರುವಾಗುವುದು ಡಿಸೆಂಬರ್ 21–22ಕ್ಕೆ, ನಾವು ಎಳ್ಳು ಬೀರುವುದು ಜನವರಿ 14–15ಕ್ಕೆ. ಜಾರಿದ ಕಾರಣ ಬೇರೆ, ನಮ್ಮದು ನಕ್ಷತ್ರವನ್ನು ಹಿಡಿದು ಎಣಿಸುವ ನಿರಯನ ಲೆಕ್ಕ. ಆದರೆ ಪಂಚಾಂಗದ ದಿನ ಒಮ್ಮೆ ಹಬ್ಬವಾಗಿ ನಿಂತ ಮೇಲೆ ಆಕಾಶ ಬದಲಾದರೂ ಅದು ಕದಲುವುದಿಲ್ಲ ಎಂಬುದು ಎರಡೂ ಕಡೆ ನಿಜ.

ಈ ಸೂರ್ಯಸಂಬಂಧವನ್ನು ಚರ್ಚಿನವರೇ ಬಳಸಿಕೊಂಡರು, ಅದಕ್ಕೆ ಅಂಜಿದರು ಕೂಡ. ಸೂರ್ಯನಿಗಾಗಿ ಈ ದಿನವನ್ನು ಆಚರಿಸಬೇಡಿ, ಸೂರ್ಯನನ್ನು ಮಾಡಿದವನಿಗಾಗಿ ಆಚರಿಸಿ ಎಂದು ಅಗಸ್ಟೀನ್ ಕ್ರಿಸ್ಮಸ್ ಪ್ರವಚನದಲ್ಲೇ ಹೇಳಿದ. 5ನೇ ಶತಮಾನದ ಮಧ್ಯದಲ್ಲಿ ಪೋಪ್ ಒಂದನೇ ಲಿಯೋ ಇನ್ನೊಂದು ದೂರು ಹೇಳುತ್ತಾನೆ. ಸಂತ ಪೇತ್ರರ ದೇವಾಲಯದ ಮೆಟ್ಟಿಲು ಹತ್ತಿದ ಭಕ್ತರು ಒಳಗೆ ಹೋಗುವ ಮುಂಚೆ ಹಿಂದಿರುಗಿ ನಿಂತು ಉದಯಸೂರ್ಯನಿಗೆ ತಲೆಬಾಗುತ್ತಿದ್ದರಂತೆ. ಸೂರ್ಯನ ಹಬ್ಬದ ಜನಪ್ರಿಯತೆ ನೋಡಿ ಚರ್ಚು ಅದೇ ದಿನವನ್ನು ಆರಿಸಿಕೊಂಡಿತು ಎಂದು ನೇರವಾಗಿ ಹೇಳುವ ಬರಹವೂ ಒಂದಿದೆ. ಎಲ್ಲರೂ ಉದ್ಧರಿಸುವುದು ಅದನ್ನೇ. ಆದರೆ ಅದು 12ನೇ ಶತಮಾನದ ಸಿರಿಯಾದ ಲೇಖಕ ಬಾರ್ ಸಲೀಬಿಯ ಹಸ್ತಪ್ರತಿಯ ಅಂಚಿನಲ್ಲಿ ಯಾರೋ ಬರೆದ ಟಿಪ್ಪಣಿ. ಘಟನೆಗೂ ಅದಕ್ಕೂ ನಡುವೆ ಎಂಟು ಶತಮಾನ. ಅದೂ ರೋಮಿನ ದಿನಾಂಕವನ್ನು ಒಪ್ಪದ ಪೂರ್ವದವರ ಕಡೆಯಿಂದ ಬಂದದ್ದು. ಇಂಥ ಸಾಕ್ಷಿಯನ್ನು ಎಷ್ಟು ನಂಬಬಹುದೋ ಅಷ್ಟೇ ನಂಬಿ.

ಚರ್ಚಿನ ಲೆಕ್ಕ ಹೇಗೆ ಒಂದರಿಂದ ಇನ್ನೊಂದು ಹಬ್ಬವನ್ನು ಹುಟ್ಟಿಸುತ್ತದೆ ಎಂಬುದು ಗೊತ್ತಾದರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ. ಫೆಬ್ರವರಿ 2ರ ಮೇಣದಬತ್ತಿಯ ಹಬ್ಬ, ಅಂದರೆ ಮಗುವನ್ನು ದೇವಾಲಯದಲ್ಲಿ ಅರ್ಪಿಸಿದ ಹಬ್ಬ, ರೋಮನ್ನರ ಲುಪರ್ಕೇಲಿಯಾ ಎಂಬ ಹಳೆಯ ಹಬ್ಬದ ಬದಲಿಗೆ ಬಂತು ಎನ್ನುತ್ತಾರೆ. ಲುಪರ್ಕೇಲಿಯಾ ಫೆಬ್ರವರಿ 15ರದು. ಮೋಶೆಯ ಕಟ್ಟಳೆಯಂತೆ ಗಂಡು ಹೆತ್ತ ತಾಯಿಯ ಶುದ್ಧಿ 40 ದಿನಕ್ಕೆ. ಡಿಸೆಂಬರ್ 25ನ್ನೂ ಸೇರಿಸಿ ಎಣಿಸಿ: ಡಿಸೆಂಬರ್‌ನಲ್ಲಿ 7, ಜನವರಿಯಲ್ಲಿ 31, ಫೆಬ್ರವರಿಯಲ್ಲಿ 2, ಒಟ್ಟು 40. 380ರ ದಶಕದಲ್ಲಿ ಜೆರುಸಲೇಮಿಗೆ ಹೋಗಿದ್ದ ಎಗೇರಿಯಾ ಎಂಬ ಯಾತ್ರಿಕಳು ಅಲ್ಲಿನ ಇದೇ ಹಬ್ಬವನ್ನು ಜನವರಿ 6ರಿಂದ ನಲವತ್ತನೆಯ ದಿನ ಎಂದು ಬರೆದಿಟ್ಟಿದ್ದಾಳೆ. ಆಗ ಅದು ಫೆಬ್ರವರಿ 14. ಜನನದ ದಿನ ಸರಿದಾಗ ಈ ಹಬ್ಬವೂ ಜೊತೆಗೇ ಸರಿಯಿತು. ಲುಪರ್ಕೇಲಿಯಾಕ್ಕೆ ಬದಲಿಯಾಗಿದ್ದರೆ ಹಾಗೆ ಸರಿಯುವ ಕಾರಣವೇ ಇರಲಿಲ್ಲ.

ಜೂನ್ 24ರ ಸ್ನಾನಿಕ ಯೊವಾನ್ನರ ಹಬ್ಬವೂ ಹಾಗೆಯೇ. ಮರಿಯಮ್ಮನಿಗೆ ದೇವದೂತನ ಸಂದೇಶ ಬಂದಾಗ ಯೊವಾನ್ನನ ತಾಯಿ ಎಲಿಜಬೆತ್ ಆರು ತಿಂಗಳ ಗರ್ಭಿಣಿ ಎಂದು ಲೂಕನ ಶುಭಸಂದೇಶದಲ್ಲಿದೆ. ಹಾಗಾಗಿ ಯೊವಾನ್ನ ಯೇಸುವಿಗಿಂತ ಆರು ತಿಂಗಳು ದೊಡ್ಡವನು. ಹಾಗಿದ್ದರೆ 25 ಆಗದೆ 24 ಏಕಾಯಿತು ಎಂದು ಕೇಳಬಹುದು. ರೋಮನ್ನರು ದಿನಗಳನ್ನು ಮುಂದಿನ ತಿಂಗಳ ಮೊದಲ ದಿನದಿಂದ ಹಿಂದಕ್ಕೆ ಎಣಿಸುತ್ತಿದ್ದರು. ಡಿಸೆಂಬರ್ 25 ಅಂದರೆ ಜನವರಿ ಒಂದಕ್ಕೆ ಎಂಟನೆಯ ದಿನ. ಜುಲೈ ಒಂದಕ್ಕೆ ಎಂಟನೆಯ ದಿನ ಎಣಿಸಿದರೆ, ಜೂನ್‌ಗೆ ಮೂವತ್ತೇ ದಿನವಾದ್ದರಿಂದ, 24 ಬರುತ್ತದೆ. ದಿನ ಹೀಗೆ ಕಾಗದದ ಮೇಲೆ ಹುಟ್ಟಿತು. ಯೂರೋಪಿನ ಹಳ್ಳಿಗಳಲ್ಲಿ ಅದರ ಹಿಂದಿನ ರಾತ್ರಿ ಗುಡ್ಡದ ಮೇಲೆ ಹಚ್ಚುವ ಬೆಂಕಿ ಮಾತ್ರ ಲೂಕನದಲ್ಲ. ಅದು ಹಗಲು ತುದಿ ಮುಟ್ಟುವ ಹೊತ್ತಿನಲ್ಲಿ ರೈತರು ಹಚ್ಚುತ್ತಿದ್ದ ಬೆಂಕಿ.

ಈಗ ಹೊರತಾದವುಗಳಿಗೆ ಬರುತ್ತೇನೆ, ಇಲ್ಲಿ ಸ್ವಲ್ಪ ನಿಧಾನವಾಗಿಯೇ ನೋಡೋಣ. ಏಪ್ರಿಲ್ 25 ರೋಮಿನಲ್ಲಿ ರೊಬಿಗೇಲಿಯಾ. ಗೋಧಿಗೆ ತಗಲುವ ತುಕ್ಕು ರೋಗ, ನಮ್ಮ ಉತ್ತರ ಕರ್ನಾಟಕದ ರೈತರು ಭಂಡಾರ ರೋಗ ಎನ್ನುತ್ತಾರಲ್ಲ, ಅದರ ಅಧಿದೇವತೆ ರೊಬಿಗಸ್. ಇಟಲಿಯಲ್ಲಿ ಏಪ್ರಿಲ್ ಕೊನೆಗೆ ಗೋಧಿ ತೆನೆ ಬಿಡುವ ಸಮಯ. ಇಬ್ಬನಿ ಹೆಚ್ಚಾಗಿ ಬಿಸಿಲೂ ಏರಿದರೆ ಎಲೆ, ಕಾಂಡದ ಮೇಲೆ ಕಿತ್ತಳೆ ಬಣ್ಣದ ಪುಡಿ ಮೂಡುತ್ತದೆ, ಕಾಳು ತುಂಬುವುದಿಲ್ಲ, ಜೊಳ್ಳಾಗುತ್ತದೆ. ಇದನ್ನು ತಡೆಯಲು ಕ್ವಿರಿನಸ್ ದೇವರ ಅರ್ಚಕ ನಗರದಿಂದ ಫ್ಲಮೀನಿಯನ್ ರಸ್ತೆಯಲ್ಲಿ ಉತ್ತರಕ್ಕೆ ಹೊರಟು, ಐದನೆಯ ಮೈಲಿಗಲ್ಲಿನ ಬಳಿಯ ತೋಪಿನಲ್ಲಿ ಒಂದು ನಾಯಿ ಮತ್ತು ಒಂದು ಕುರಿಯನ್ನು ಬಲಿ ಕೊಟ್ಟು, ಅವುಗಳ ಕರುಳನ್ನು ಧೂಪ ಮತ್ತು ದ್ರಾಕ್ಷಾರಸದೊಂದಿಗೆ ಬೆಂಕಿಗೆ ಹಾಕುತ್ತಿದ್ದ.

6ನೇ ಶತಮಾನದ ಕೊನೆಗೆ, ಪೋಪ್ ಗ್ರೆಗರಿಯ ಕಾಲದಲ್ಲಿ, ರೋಮಿನ ಕ್ರೈಸ್ತರ ಮಹಾಪ್ರಾರ್ಥನಾ ಮೆರವಣಿಗೆ ಪ್ರತಿವರ್ಷದ ಪದ್ಧತಿಯಾಗಿತ್ತು. ಅದರ ದಿನವೂ ಏಪ್ರಿಲ್ 25. ಲುಚಿನಾದಲ್ಲಿರುವ ಸಂತ ಲಾರೆನ್ಸರ ಚರ್ಚಿನಿಂದ ಹೊರಟು, ಅದೇ ಫ್ಲಮೀನಿಯನ್ ರಸ್ತೆಯಲ್ಲಿ ಉತ್ತರಕ್ಕೆ ಮಿಲ್ವಿಯನ್ ಸೇತುವೆಯವರೆಗೆ ಹೋಗಿ, ಅಲ್ಲಿಂದ ಎಡಕ್ಕೆ ತಿರುಗಿ ಸಂತ ಪೇತ್ರರ ದೇವಾಲಯ ತಲುಪುತ್ತಿತ್ತು. ಬೆಳೆ ಉಳಿಯಲಿ, ಕೇಡು ತಪ್ಪಲಿ ಎಂಬುದೇ ಪ್ರಾರ್ಥನೆ. ದಿನ ಅದೇ, ದಾರಿ ಸೇತುವೆಯವರೆಗೆ ಅದೇ, ಬೇಡಿಕೆಯೂ ಅದೇ. ನಾಯಿ, ಕುರಿ ಬಿಟ್ಟುಹೋದವು, ಸಂತರ ಹೆಸರುಗಳು ಬಂದವು. ಯೇಸುವಿನ ಬದುಕಿನ ಯಾವ ಘಟನೆಯಿಂದಲೂ ಈ ದಿನವನ್ನು ಲೆಕ್ಕ ಹಾಕಲು ಬರುವುದಿಲ್ಲ. ಹಳೆಯ ಹಬ್ಬ ಮುಂದುವರಿಯಿತು ಎನ್ನುವುದಾದರೆ ಈ ಬಗೆಯ ಸಾಕ್ಷ್ಯ ಬೇಕು. 1969ರಲ್ಲಿ ಪಂಚಾಂಗ ಪರಿಷ್ಕರಿಸುವಾಗ ಈ ಮೆರವಣಿಗೆಯನ್ನು ಕೈಬಿಟ್ಟರು.

ಎರಡನೆಯದು ಫೆಬ್ರವರಿ 22. ರೋಮನ್ನರು ಫೆಬ್ರವರಿ 13ರಿಂದ 21ರವರೆಗೆ ತೀರಿಕೊಂಡ ಹಿರಿಯರ ಸಮಾಧಿಗಳಿಗೆ ಹೋಗಿ ಎಡೆ ಇಡುತ್ತಿದ್ದರು. 22ರಂದು ಬದುಕಿರುವ ಬಂಧುಗಳೆಲ್ಲ ಸೇರಿ ಉಣ್ಣುವ ಕರಿಸ್ತಿಯಾ. ಫಿಲೊಕಾಲಸನ ಕಟ್ಟಿನ ಹುತಾತ್ಮರ ಪಟ್ಟಿಯಲ್ಲಿ ಅದೇ ಫೆಬ್ರವರಿ 22ಕ್ಕೆ ಪೇತ್ರನ ಪೀಠದ ಹಬ್ಬ ಎಂದಿದೆ. ಎರಡನ್ನೂ ಜನ ಹೇಗೆ ಬೆರೆಸಿಕೊಂಡಿದ್ದರು ಎಂಬುದಕ್ಕೆ ನಿಷೇಧಗಳೇ ಸಾಕ್ಷಿ. ಅಗಸ್ಟೀನನ ತಾಯಿ ಮೋನಿಕಾ ಉತ್ತರ ಆಫ್ರಿಕಾದಲ್ಲಿದ್ದಾಗ ಹುತಾತ್ಮರ ಸಮಾಧಿಗಳಿಗೆ ಅಂಬಲಿ, ರೊಟ್ಟಿ, ದ್ರಾಕ್ಷಾರಸ ಒಯ್ಯುತ್ತಿದ್ದಳು. ಎಷ್ಟೇ ಸಮಾಧಿಗಳಿರಲಿ, ಆಕೆಯ ಕೈಯಲ್ಲಿ ಇರುತ್ತಿದ್ದುದು ನೀರು ಬೆರೆಸಿದ ದ್ರಾಕ್ಷಾರಸದ ಒಂದೇ ಸಣ್ಣ ಲೋಟ. ಮಿಲಾನಿಗೆ ಬಂದಾಗಲೂ ಹಾಗೇ ಹೊರಟಳು, ಬಾಗಿಲು ಕಾಯುವವನು ತಡೆದ. ಇದು ಹೊರಗಿನವರ ಪಿತೃಪೂಜೆಯ ಹಾಗಿದೆ ಎಂದು ಬಿಷಪ್ ಆಂಬ್ರೋಸ್ ನಿಷೇಧಿಸಿದ್ದ. ಆಕೆ ಮರುಮಾತಾಡದೆ ಬಿಟ್ಟಳು. ಎಲ್ಲರೂ ಬಿಡಲಿಲ್ಲ. 567ರಲ್ಲಿ ಫ್ರಾನ್ಸಿನ ತೂರ್ ನಗರದಲ್ಲಿ ಸೇರಿದ ಬಿಷಪರ ಸಭೆ, ಪೇತ್ರನ ಪೀಠದ ಹಬ್ಬದಂದೇ ಜನ ಸತ್ತವರಿಗೆ ಎಡೆ ಇಡುತ್ತಿದ್ದಾರೆ ಎಂದು ಖಂಡಿಸಿ ನಿಯಮ ಮಾಡಬೇಕಾಯಿತು. ಇಷ್ಟು ವರ್ಷ ಬೈದರೂ ಎಡೆ ನಿಲ್ಲಲಿಲ್ಲ.

ಬೈಯುವುದರಿಂದ ಕೆಲಸ ಆಗುವುದಿಲ್ಲ ಎಂಬುದು ಗ್ರೆಗರಿಗೆ ಅರ್ಥವಾಗಿತ್ತು. 601ರಲ್ಲಿ ಆತ ಇಂಗ್ಲೆಂಡಿಗೆ ಎರಡು ಪತ್ರ ಬರೆದ. ಕೆಂಟ್ ಅರಸ ಎಥೆಲ್ಬರ್ಟ್‌ನಿಗೆ ಬರೆದದ್ದರಲ್ಲಿ ವಿಗ್ರಹಗಳ ಗುಡಿಗಳನ್ನು ಕೆಡವು ಎಂದಿದೆ. ಆಮೇಲೆ ಮೆಲ್ಲಿಟಸ್ ಎಂಬ ಪಾದ್ರಿಗೆ ಬರೆದದ್ದರಲ್ಲಿ ಸಲಹೆ ತಿರುಗಿಬಿದ್ದಿದೆ: ಗುಡಿ ಗಟ್ಟಿಯಾಗಿದ್ದರೆ ಕೆಡವಬೇಡಿ. ವಿಗ್ರಹ ಮಾತ್ರ ತೆಗೆಯಿರಿ, ಪವಿತ್ರ ಜಲ ಚಿಮುಕಿಸಿ, ಪೀಠ ಕಟ್ಟಿ ಸಂತರ ಅವಶೇಷ ಇಡಿ. ಜನ ಎತ್ತುಗಳನ್ನು ಬಲಿ ಕೊಡುವ ರೂಢಿಯವರು, ಅದರ ಬದಲಿಗೂ ಒಂದು ಸಂಭ್ರಮ ಬೇಕು. ಚರ್ಚಿನ ಪ್ರತಿಷ್ಠೆಯ ದಿನ ಅಥವಾ ಹುತಾತ್ಮರ ದಿನ ಸುತ್ತ ಸೊಪ್ಪಿನ ಚಪ್ಪರ ಹಾಕಿ, ಅದೇ ಪ್ರಾಣಿಗಳನ್ನು ಕೊಯ್ದು, ದೇವರಿಗೆ ಕೃತಜ್ಞತೆ ಹೇಳಿ ಉಣ್ಣಲಿ. ಚರ್ಚು ಹಳೆಯ ಹಬ್ಬಗಳನ್ನು ಕದ್ದದ್ದಕ್ಕೆ ಪುರಾವೆ ಎಂದು ಈ ಪತ್ರವನ್ನೇ ತೋರಿಸುತ್ತಾರೆ. ಆದರೆ ಅದರಲ್ಲಿ ಹಳೆಯ ಹಬ್ಬದ ಒಂದು ದಿನಾಂಕವನ್ನೂ ಉಳಿಸಿಕೊಳ್ಳಲು ಹೇಳಿಲ್ಲ. ಎತ್ತು ಹಳೆಯದು, ಚಪ್ಪರವೂ ಹಳೆಯದೇ ಇರಬಹುದು, ದಿನ ಮಾತ್ರ ಚರ್ಚಿನದು.

ನಾರ್ವೆಯಲ್ಲಂತೂ ಹಳೆಯ ಹಬ್ಬವನ್ನೇ ಹೊಸ ದಿನಕ್ಕೆ ಎಳೆದು ತಂದರು. 10ನೇ ಶತಮಾನದ ಅರಸ ಹಾಕೋನ್ ಇಂಗ್ಲೆಂಡಿನ ಎಥೆಲ್‌ಸ್ಟನ್ ದೊರೆಯ ಆಸ್ಥಾನದಲ್ಲಿ ಬೆಳೆದ ಕ್ರೈಸ್ತ, ಪ್ರಜೆಗಳು ಹಳೆಯ ದೇವರುಗಳವರು. ಅವರ ಯೂಲ್ ಹಬ್ಬ ನಡುಚಳಿಗಾಲದ ರಾತ್ರಿಗೆ ಶುರುವಾಗಿ ಮೂರು ರಾತ್ರಿ ನಡೆಯುತ್ತಿತ್ತು. ಅದನ್ನು ಕ್ರೈಸ್ತರ ಕ್ರಿಸ್ಮಸ್ ಸಮಯಕ್ಕೇ ಮಾಡಬೇಕು, ಪ್ರತಿಯೊಬ್ಬ ಗೃಹಸ್ಥ ಒಂದು ಅಳತೆ ಮಾಲ್ಟಿನಿಂದ ಏಲ್ ಮದ್ಯ ಕಾಯಿಸಬೇಕು, ತಪ್ಪಿದರೆ ದಂಡ, ಏಲ್ ಮುಗಿಯುವವರೆಗೂ ಹಬ್ಬ ಎಂದು ಆತ ಕಾನೂನು ಮಾಡಿದ. ಇದನ್ನು ದಾಖಲಿಸಿದ ಐಸ್‌ಲೆಂಡಿನ ಇತಿಹಾಸಕಾರ ಸ್ನೊರ್ರಿ 13ನೇ ಶತಮಾನದವನು ಎಂಬುದು ನೆನಪಿರಲಿ. ಆದರೂ ನಾರ್ವೆಯ ಗುಲಾಥಿಂಗ್ ಪ್ರಾಂತ್ಯದ ಹಳೆಯ ಕಾನೂನಿನಲ್ಲೂ ಕ್ರಿಸ್ಮಸ್ ಏಲ್ ಕಡ್ಡಾಯ. ಅದನ್ನು ಕ್ರಿಸ್ತನಿಗೂ ಮರಿಯಮ್ಮನಿಗೂ ಒಪ್ಪಿಸಿ ಒಳ್ಳೆಯ ಬೆಳೆ ಮತ್ತು ಶಾಂತಿ ಬೇಡಬೇಕು. ಬೆಳೆ ಮತ್ತು ಶಾಂತಿ ಎಂಬ ಜೋಡಿ ಹಳೆಯ ದೇವರುಗಳ ಮುಂದೆ ಪಾತ್ರೆ ಎತ್ತುವಾಗ ಹೇಳುತ್ತಿದ್ದದ್ದೇ.

ಈಸ್ಟರ್ ವಿಚಾರದಲ್ಲಿ ಕತೆಗಳು ಜಾಸ್ತಿ, ಸಾಕ್ಷ್ಯ ಕಡಿಮೆ. ದಿನ ಯೆಹೂದ್ಯರ ಪಾಸ್ಕದಿಂದ ಬಂದದ್ದು. ಮಾರ್ಚ್ 21ರಂದು ಅಥವಾ ಅದರ ನಂತರದ ಮೊದಲ ಹುಣ್ಣಿಮೆ ಕಳೆದ ಭಾನುವಾರ, ಆದ್ದರಿಂದ ಮಾರ್ಚ್ 22ಕ್ಕಿಂತ ಮುಂಚೆ ಬರದು, ಏಪ್ರಿಲ್ 25 ದಾಟದು. ಈಸ್ಟರ್ ಹೆಸರಿಗೂ ಮೊಟ್ಟೆ, ಮೊಲಗಳಿಗೂ ಮೂಲ ಎಂದು ಹೇಳುವ ಈಓಸ್ತ್ರೆ ಎಂಬ ದೇವತೆಯ ಹೆಸರು ಸಿಗುವುದು ಇಂಗ್ಲೆಂಡಿನ ಸನ್ಯಾಸಿ ಬೀಡ್ 725ರಲ್ಲಿ ತಿಂಗಳ ಹೆಸರು ವಿವರಿಸುತ್ತ ಬರೆದ ಒಂದೆರಡು ವಾಕ್ಯದಲ್ಲಿ ಮಾತ್ರ. ಮೊಟ್ಟೆ, ಮೊಲ ಯಾವುದೂ ಅಲ್ಲಿಲ್ಲ. ಮೊಟ್ಟೆಗೆ ದೇವತೆಯನ್ನು ಹುಡುಕಬೇಕಾಗಿಯೂ ಇಲ್ಲ. ಹಿಂದೆ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ 40 ದಿನ ಮಾಂಸದ ಜೊತೆ ಹಾಲು, ಮೊಟ್ಟೆಯೂ ನಿಷಿದ್ಧವಾಗಿದ್ದವು. ಹಗಲು ಉದ್ದವಾಗುತ್ತಿದ್ದಂತೆ ಕೋಳಿಗಳು ಹೆಚ್ಚು ಇಡತೊಡಗುವುದು ಅದೇ ತಿಂಗಳುಗಳಲ್ಲಿ. ತಿನ್ನುವಂತಿಲ್ಲ, ಕೋಳಿ ನಿಲ್ಲಿಸುವುದಿಲ್ಲ, ಬುಟ್ಟಿ ತುಂಬುತ್ತದೆ. ಬೇಯಿಸಿ ಬಣ್ಣ ಹಾಕಿ ಹಂಚುವುದಕ್ಕೆ ಅಷ್ಟು ಸಾಕು. ಇಂಗ್ಲೆಂಡಿನ ಒಂದನೇ ಎಡ್ವರ್ಡ್‌ನ 1290ರ ಅರಮನೆ ಲೆಕ್ಕದಲ್ಲಿ ಈಸ್ಟರ್‌ಗೆ 450 ಮೊಟ್ಟೆ, 18 ಪೆನ್ಸ್ ಎಂಬ ಬಾಬ್ತು ಇದೆ. ಮೊಲ ಬರುವುದು 1682ರ ಒಂದು ಜರ್ಮನ್ ವೈದ್ಯನ ಬರಹದಲ್ಲಿ.

ನವೆಂಬರ್ 1ರ ಸಕಲ ಸಂತರ ಹಬ್ಬ ಐರ್ಲೆಂಡಿನ ಸೌಯಿನ್ ಹಬ್ಬದ ಮೇಲೆ ಕೂರಿಸಿದ್ದು ಎಂಬ ಮಾತಿಗೆ ಒಂದೇ ಅಡ್ಡಿ ಸಾಕು. 800ರ ಸುಮಾರಿನ ಐರಿಷ್ ಸಂತರ ಪಂಚಾಂಗದಲ್ಲಿ ಯೂರೋಪಿನ ಸಕಲ ಸಂತರ ದಿನ ಏಪ್ರಿಲ್ 20. ಸೌಯಿನ್ ಇದ್ದ ನಾಡೇ ನವೆಂಬರ್ 1ನ್ನು ಹಿಡಿದಿರಲಿಲ್ಲ.

ಕೊನೆಗೆ ನಮ್ಮ ಕರಾವಳಿ. ಮಂಗಳೂರಿನ ಕೊಂಕಣಿ ಕ್ಯಾಥೊಲಿಕರ ಮೊಂತಿ ಫೆಸ್ತ್, ಕನ್ನಡದಲ್ಲಿ ತೆನೆ ಹಬ್ಬ, ಸೆಪ್ಟೆಂಬರ್ 8ರಂದು. ಅದು ಮರಿಯಮ್ಮನ ಜನ್ಮದಿನ. ಜೆರುಸಲೇಮಿನಲ್ಲಿ ಹುಟ್ಟಿ, ಪೋಪ್ ಸೆರ್ಜಿಯಸ್‌ನ ಕಾಲಕ್ಕೆ, 687ರಿಂದ 701ರ ನಡುವೆ, ರೋಮಿನಲ್ಲಿ ಮೆರವಣಿಗೆಯ ಹಬ್ಬವಾದ ದಿನ. ಆದರೆ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಒಂಬತ್ತು ದಿನ ಮಕ್ಕಳು ಹೂ ಅರ್ಪಿಸಿದ ಮೇಲೆ ಪಾದ್ರಿ ಆಶೀರ್ವದಿಸಿ ಕೊಡುವುದು ಭತ್ತದ ತೆನೆ. ಮನೆಗೆ ತಂದು, ಕಾಳು ಸುಲಿದು, ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರೂ ಕುಡಿಯುವುದು ನೊವೆಂ. ಆಮೇಲೆ ಬಾಳೆಲೆಯಲ್ಲಿ ಸಸ್ಯಾಹಾರದ ಊಟ, ಪಲ್ಯಗಳ ಸಂಖ್ಯೆ ಬೆಸ ಇರಬೇಕು. ಅದೇ ಋತುವಿನಲ್ಲಿ ನೆರೆಯ ತುಳುವರ ಮನೆಯಲ್ಲಿ ಕುರಲ್ ಪರ್ಬ, ತೆನೆಯನ್ನು ಮನೆ ತುಂಬಿಸಿ ಹೊಸ ಅಕ್ಕಿಯ ಊಟ. ತೆನೆ ಎರಡು ಮನೆಗೂ ಸಮಾನ, ಏಕೆಂದರೆ ಗದ್ದೆ ಒಂದೇ.

ಇಲ್ಲಿ ದಿನ ಮತ್ತು ಆಚರಣೆ ಬೇರೆ ಬೇರೆ ಎಂಬುದಕ್ಕೆ ತಾಳೆ ನೋಡಬೇಕಿದ್ದರೆ ಗೋವೆಗೆ ಹೋಗಿ. ಮಂಗಳೂರಿಗೆ ವಲಸೆ ಬಂದವರ ಮೂಲ ನಾಡು ಅದು. ಅಲ್ಲಿ ಹೊಸ ತೆನೆಯ ಆಶೀರ್ವಾದ ಊರಿಗೊಂದು ದಿನ, ರಾಯ್ ಗ್ರಾಮದಲ್ಲಿ ಆಗಸ್ಟ್ 5. ಮುಂಬಯಿಯ ಈಸ್ಟ್ ಇಂಡಿಯನ್ ಕ್ಯಾಥೊಲಿಕರ ಅಗೇರಾ ಅಕ್ಟೋಬರ್‌ನ ಮೊದಲ ಭಾನುವಾರ. ಮೂರು ಕಡೆಯೂ ತೆನೆ ಕೊಯ್ದು ಇಗರ್ಜಿಗೆ ತಂದು ಹಂಚುವ ಕೆಲಸ ಅದೇ, ದಿನ ಮಾತ್ರ ಆಯಾ ಊರಿನ ಗದ್ದೆ ಮತ್ತು ಇಗರ್ಜಿ ಗೊತ್ತು ಮಾಡಿಕೊಂಡದ್ದು.